ಕೂಸನ್ನು ಕಟ್ಟಿಕೊಂಡು ಘಟ್ಟವಿಳಿಯುವುದು

ಅಣ್ಣಿಗೇರಿಯಿಂದ ನವಲಗುಂದದವರೆಗೆ ಹಾಸಿಕೊಂಡಿರುವ ಎರೆಭೂಮಿಯಲ್ಲಿ, ಬೆನ್ನುಹತ್ತಿದ ನಾಯಿಯನ್ನು ಹೆದರಿಸಲೆಂದು ದಾರಿಹೋಕನು ಬಗ್ಗಿ ನೆಲದ ಮೇಲೆ ಕೈಯಾಡಿಸಿದರೆ ಕೈಗೆ ಬರುವುದು ಹೆಂಟೆ. ಆ ಹೆಂಟೆಯೂ ಎಸೆಯುವಷ್ಟರಲ್ಲಿಯೇ ಬೆರಳ ಸಂದಿಯಲ್ಲಿ ಪುಡಿಯಾಗಿ ಉದುರುವುದೆಂಬುದು ನಮ್ಮ ಸೀಮೆಯ ನಾಯಿಗಳಿಗೂ ತಿಳಿದಿರುವುದರಿಂದ ಅವು ಸಾಮಾನ್ಯವಾಗಿ ಹೆದರುವುದಿಲ್ಲ. ನಮ್ಮೂರಿನ ಅಮೃತೇಶ್ವರ ದೇವಾಲಯದ 76 ಕಂಬಗಳನ್ನು ಕಂಡು ಬೆರಗಾಗುವ ಪ್ರವಾಸಿಕನು, ಅಷ್ಟು ಕಲ್ಲನ್ನು ಕಲ್ಲಿಲ್ಲದ ಈ ಬಯಲಿಗೆ ಹನ್ನೊಂದನೆಯ ಶತಮಾನದಲ್ಲಿ ಹೇಗೆ ಹೊತ್ತು ತಂದಿರಬಹುದೆಂಬುದನ್ನು ಯೋಚಿಸಿದರೆ ಇನ್ನಷ್ಟು ಬೆರಗಾದಾನು. ನವಲಗುಂದದ ಮತ್ತು ನರಗುಂದದ ಒಂಟಿ ಗುಡ್ಡಗಳನ್ನು ಬಿಟ್ಟರೆ ಕಣ್ಣಿಗೆ ತಡೆಯೆಂಬುದೇ ಇಲ್ಲದ ಇಂತಹ ನೆಲದಲ್ಲಿ ಹುಟ್ಟಿ, ಎರಡು ವರ್ಷ ಮೂರು ತಿಂಗಳು ತುಂಬುವವರೆಗೂ ಹಿತ್ತಿಲಿನ ಮೇವಿನ ಬಣವಿಯನ್ನೇ ‘ಗುಡ್ಡ’ವೆಂದು ಕರೆಯುತ್ತ ಬೆಳೆದ ನನ್ನ ಮೊಮ್ಮಗನನ್ನು ಕಳೆದ ಕಾರ್ತಿಕದಲ್ಲಿ ಸಹ್ಯಾದ್ರಿಯನ್ನಿಳಿಸಿ ಸಮುದ್ರದವರೆಗೆ ಕರೆದೊಯ್ದು ತಂದೆವು. ಆ ಪ್ರಯಾಣವನ್ನು ಹೇಗೆ ಯೋಜಿಸಿದೆವು, ಯೋಜಿಸಿದ್ದು ಎಲ್ಲಿ ಉಳಿಯಿತು, ಎಲ್ಲಿ ಅಳಿಯಿತು ಎಂಬುದನ್ನು, ಮನೆಯಲ್ಲಿ ಚಿಕ್ಕ ಕೂಸುಳ್ಳ ಓದುಗರಿಗೆ ಉಪಯೋಗವಾದೀತೆಂಬ ಆಸೆಯಿಂದ ಇಲ್ಲಿ ಬರೆಯುತ್ತಿದ್ದೇನೆ.

ಈ ಪ್ರಯಾಣದ ಬೀಜ ಬಿದ್ದದ್ದು ಆಲ್ಪ್ಸ್ ಪರ್ವತದಲ್ಲಿ. ನನ್ನ ಬಾಲ್ಯಸ್ನೇಹಿತನ ಮಗಳು ಜರ್ಮನಿಯ ಮ್ಯೂನಿಕ್ ನಗರದಲ್ಲಿ ಸಂಸಾರ ಹೂಡಿದವಳು, ದೀಪಾವಳಿಗೆ ಊರಿಗೆ ಬಂದಾಗ, ಒಂದೂವರೆ ವರ್ಷದ ಮಗನನ್ನು ಕಟ್ಟಿಕೊಂಡು ಬ್ರೆನ್ನರ್ ಕಣಿವೆಯ ಮಾರ್ಗವಾಗಿ ಇಟಲಿಗೆ ಇಳಿದುಹೋದ ಕಥೆಯನ್ನು ಹೇಳುತ್ತ, ತಾನು ಬರೆದಿಟ್ಟುಕೊಂಡಿದ್ದ ಪ್ರಯಾಣದ ಪಟ್ಟಿಯನ್ನು ನನಗೆ ತೋರಿಸಿದಳು. ನಲವತ್ತು ವರ್ಷ ಶಾಲೆಯ ವೇಳಾಪತ್ರಿಕೆಗಳನ್ನು ಬರೆದ ಕೈ ನನ್ನದು. ಆದರೆ ಅಂತಹ ವೇಳಾಪತ್ರಿಕೆಯನ್ನು ನಾನು ಕಂಡಿರಲಿಲ್ಲ. ಅದರ ಮೊದಲ ಸಾಲಿನಲ್ಲಿ ಊರ ಹೆಸರುಗಳಿರಲಿಲ್ಲ. ಕೂಸು ಮಲಗುವ ಹೊತ್ತು, ಉಣ್ಣುವ ಹೊತ್ತು, ನೆಲಕ್ಕೆ ಬಿಟ್ಟು ಓಡಾಡಿಸಬೇಕಾದ ಹೊತ್ತು ಇವಿಷ್ಟನ್ನು ಮೊದಲು ಬರೆದು, ಉಳಿದ ಸಂದುಗಳಲ್ಲಿ ಮಾತ್ರ ಪರ್ವತಗಳನ್ನೂ ಸರೋವರಗಳನ್ನೂ ತುಂಬಿದ್ದಳು. ಎಷ್ಟು ಸಂದು ಉಳಿಯಿತೋ ಅಷ್ಟೇ ಆಲ್ಪ್ಸ್. ‘ಕಾಕಾ, ಅಲ್ಲಿಂದ ಇಲ್ಲೀಮಟಾ ಬರೂದಂದ್ರ ಇಷ್ಟರಿ, ಇವನ ನಿದ್ದಿ ಹೊಳ್ಳಿ ಮೊದಲಿನಂಗ ಆಗಬೇಕಂದ್ರ ಒಂದ ವಾರ ಬೇಕ್ರಿ’ ಎಂದು ನಕ್ಕಳು.

ಆ ಪಟ್ಟಿಯಲ್ಲಿ ಅಡ್ಡಗೆರೆ ಎಳೆದು ಹೊಡೆದುಹಾಕಿದ್ದ ಒಂದು ಹೆಸರಿತ್ತು: ಸ್ವಿಟ್ಜರ್ಲೆಂಡಿನ ಯುಂಗ್‌ಫ್ರೌಯೋಖ್. ಸಮುದ್ರಮಟ್ಟದಿಂದ 3,454 ಮೀಟರ್ ಎತ್ತರದಲ್ಲಿರುವ ಆ ಸ್ಥಳಕ್ಕೆ 1912ರಿಂದಲೂ ರೈಲು ಓಡುತ್ತಿದೆ. ಬೆಳಿಗ್ಗೆ ಕಣಿವೆಯಲ್ಲಿ ಚಹಾ ಕುಡಿದವನು ಮಧ್ಯಾಹ್ನದೊಳಗೆ ಹಿಮದ ಮೇಲೆ ನಿಂತಿರಬಹುದು. ಆದರೆ ಆ ಎತ್ತರದಲ್ಲಿ ವಾಯುವಿನ ಒತ್ತಡ ಸಮುದ್ರತೀರದಲ್ಲಿರುವುದರ ಮೂರರಲ್ಲಿ ಎರಡು ಪಾಲಿನಷ್ಟೇ ಇರುವುದರಿಂದ ಪ್ರತಿಯೊಂದು ಉಸಿರಿನಲ್ಲಿಯೂ ಆಮ್ಲಜನಕ ಅದೇ ಪ್ರಮಾಣದಲ್ಲಿ ಕಡಿಮೆಯಾಗುತ್ತದೆ. ಸುಮಾರು 2,500 ಮೀಟರಿನಿಂದ ಮೇಲೆ ವೇಗವಾಗಿ ಏರಿದವರಿಗೆ ತಲೆನೋವು, ಓಕರಿಕೆ, ನಿದ್ರಾಹೀನತೆಗಳು ಕಾಡತೊಡಗುತ್ತವೆ. ದೊಡ್ಡವರಾದರೆ ‘ತಲೆ ಸಿಡಿಯುತ್ತಿದೆ’ ಎಂದು ಹೇಳಿ ಕೆಳಗಿಳಿಯಬಲ್ಲರು. ಮಾತು ಬಾರದ ಕೂಸು ಅಳುವುದೊಂದನ್ನೇ ಬಲ್ಲದು. ಹಸಿವೆಗೂ ಅದೇ ಅಳು, ನಿದ್ದೆಗೂ ಅದೇ ಅಳು, ಪ್ರಾಣವಾಯುವಿನ ಕೊರತೆಗೂ ಅದೇ ಅಳು. ಆದುದರಿಂದಲೇ ಆಕೆ ಆ ಹೆಸರನ್ನು ಹೊಡೆದುಹಾಕಿದ್ದಳು. ನಮ್ಮ ನಾಡಿನ ತಾಯ್ತಂದೆಯರಿಗೆ ಈ ಒಂದು ಚಿಂತೆಯಿಲ್ಲ. ಕರ್ನಾಟಕದ ಅತ್ಯುನ್ನತ ಶಿಖರವಾದ ಮುಳ್ಳಯ್ಯನಗಿರಿಯೇ 2,000 ಮೀಟರನ್ನು ಮುಟ್ಟುವುದಿಲ್ಲ. ನಮ್ಮ ಚಿಂತೆಗಳು ಬೇರೆ.

ಬೇರೆಯಾಗುವುದಕ್ಕೆ ಕಾರಣ ಭೂಗೋಳದಲ್ಲಿದೆ. ಆಫ್ರಿಕದ ಭೂಫಲಕವು ಯುರೋಪಿನ ಭೂಫಲಕವನ್ನು ಒತ್ತಿ, ನಡುವಿನ ನೆಲ ಮಡಿಕೆಮಡಿಕೆಯಾಗಿ ಮೇಲೆದ್ದು ಆಲ್ಪ್ಸ್ ಆಯಿತು. ಅದನ್ನು ಕಾಣಬೇಕಾದವನು ಹತ್ತಬೇಕು. ಸಹ್ಯಾದ್ರಿಯಾದರೋ, ಪುರಾತನ ಗೊಂಡ್ವಾನ ಖಂಡ ಒಡೆದು ಭಾರತವು ಬೇರ್ಪಟ್ಟಾಗ ಉಳಿದ ಪ್ರಸ್ಥಭೂಮಿಯ ಹರಿದ ಅಂಚು. ಪೂರ್ವದಿಂದ ಹೋಗುವ ನಮ್ಮಂಥವರಿಗೆ ಅದು ಪರ್ವತದಂತೆ ಎದುರಾಗುವುದೇ ಇಲ್ಲ. ಹುಬ್ಬಳ್ಳಿ ಸಮುದ್ರಮಟ್ಟದಿಂದ 600 ಮೀಟರಿಗೂ ಹೆಚ್ಚು ಎತ್ತರದಲ್ಲಿದೆ. ಘಟ್ಟದ ತಲೆಯ ಮೇಲಿರುವ ಯಲ್ಲಾಪುರ ಅದಕ್ಕಿಂತ ತಗ್ಗು. ಜೀವಮಾನವಿಡೀ ಬಯಲಿನವರೆಂದು ತಿಳಿದುಕೊಂಡಿದ್ದ ನಾವು ವಸ್ತುತಃ ಬೆಟ್ಟದ ಮೇಲೆಯೇ ಮನೆ ಕಟ್ಟಿಕೊಂಡವರು. ಸಮುದ್ರಕ್ಕೆ ಹೊರಟರೆ ನಮ್ಮ ಪಾಲಿಗೆ ಬರುವುದು ಇಳಿತವೊಂದೇ. ಈ ಮಾತನ್ನು ಮನೆಯಲ್ಲಿ ಹೇಳಿದಾಗ ನನ್ನ ಹೆಂಡತಿ, ‘ಹಂಗಾರ ಬರೂಮುಂದ ಹತ್ತಬೇಕಲ್ರೀ’ ಎಂದಳು. ಅದಕ್ಕೆ ಭೂಗೋಳದಲ್ಲಿ ಉತ್ತರವಿರಲಿಲ್ಲ.

ನಮ್ಮ ಜಿಲ್ಲೆಯ ನೆಲದ ಮೇಲೆ ಕಣ್ಣಿಗೆ ಕಾಣದ ಇನ್ನೊಂದು ಏಣು ಇದೆ. ನವಲಗುಂದದ ಸೀಮೆಯಲ್ಲಿ ಬಿದ್ದ ಮಳೆ ಬೆಣ್ಣೆಹಳ್ಳಕ್ಕೆ ಹರಿದು, ಮಲಪ್ರಭೆಯನ್ನು ಕೂಡಿ, ಕೃಷ್ಣೆಯ ಜೊತೆ ಪೂರ್ವಸಮುದ್ರವನ್ನು ಸೇರುತ್ತದೆ. ಧಾರವಾಡದಲ್ಲಿ ಹುಟ್ಟಿದ ಶಾಲ್ಮಲೆಯ ನೀರು ಕಲಘಟಗಿಯ ಸೀಮೆಯಲ್ಲಿ ಬೇಡ್ತಿಗೆ ಕೂಡಿ, ಮಾಗೋಡಿನಲ್ಲಿ ಪ್ರಪಾತಕ್ಕೆ ಧುಮುಕಿ, ಗಂಗಾವಳಿಯೆಂಬ ಹೆಸರು ಪಡೆದು ಅಂಕೋಲೆಯ ದಕ್ಷಿಣಕ್ಕೆ ಅರಬ್ಬೀ ಸಮುದ್ರವನ್ನು ಸೇರುತ್ತದೆ. ಒಂದೇ ಜಿಲ್ಲೆಯ ಎರಡು ಹನಿಗಳು ಎರಡು ಸಮುದ್ರಗಳ ಪಾಲಾಗುತ್ತವೆ. ಸ್ವಿಟ್ಜರ್ಲೆಂಡಿನ ಗೊಟ್ಹಾರ್ಡ್ ಪರ್ವತಪ್ರದೇಶದಿಂದ ಹೊರಡುವ ರೈನ್ ನದಿ ಉತ್ತರ ಸಮುದ್ರಕ್ಕೂ ರೋನ್ ನದಿ ಮೆಡಿಟರೇನಿಯನ್ ಸಮುದ್ರಕ್ಕೂ ಹೋಗುವುದನ್ನು ಶಾಲೆಯಲ್ಲಿ ವರ್ಷವರ್ಷವೂ ಕಲಿಸಿದ ನಾನು, ಬಸ್ಸಿನಲ್ಲಿ ಎರಡು ತಾಸಿನ ದಾರಿಯಲ್ಲಿರುವ ಈ ಸಂಗತಿಯನ್ನು ಒಮ್ಮೆಯೂ ಕಲಿಸಲಿಲ್ಲವೆಂಬುದು ನಾಚಿಕೆಯ ಮಾತು. ಅದಕ್ಕೆ ಪ್ರಾಯಶ್ಚಿತ್ತವೋ ಎಂಬಂತೆ, ನಮ್ಮ ದಾರಿಯನ್ನು ಬೇಡ್ತಿಯ ಬೆನ್ನುಹತ್ತಿಯೇ ಹಾಕಿಕೊಂಡೆ: ಹುಬ್ಬಳ್ಳಿ, ಕಲಘಟಗಿ, ಯಲ್ಲಾಪುರ, ಅರಬೈಲು ಘಟ್ಟ, ರಾಮನಗುಳಿ, ಅಂಕೋಲೆ.

ಇನ್ನೊಂದು ದಾರಿಯೂ ಇತ್ತು. ಹುಬ್ಬಳ್ಳಿಯಿಂದ ಲೋಂಡಾ, ಕ್ಯಾಸಲ್‌ರಾಕ್ ಮಾರ್ಗವಾಗಿ ಗೋವೆಗೆ ಇಳಿಯುವ ರೈಲುದಾರಿ 1880ರ ದಶಕದಲ್ಲಿ ಕಟ್ಟಿದ್ದು. ಅದರ ಘಟ್ಟಭಾಗದ ಇಳಿಜಾರು 37ಕ್ಕೆ 1, ಅಂದರೆ ಮೂವತ್ತೇಳು ಹೆಜ್ಜೆ ಮುಂದಕ್ಕೆ ಹೋಗುವಷ್ಟರಲ್ಲಿ ಒಂದು ಹೆಜ್ಜೆ ಕೆಳಕ್ಕೆ. 1882ರಲ್ಲಿ ತೆರೆದ ಗೊಟ್ಹಾರ್ಡ್ ರೈಲುದಾರಿಯ ಇಳಿಜಾರೂ ಬಹುತೇಕ ಅಷ್ಟೇ. ಸುಮಾರು 310 ಮೀಟರ್ ಎತ್ತರದಿಂದ ಇಳಿಯುವ ದೂಧಸಾಗರ ಜಲಪಾತವನ್ನು ಕಿಟಕಿಯಿಂದಲೇ ಕಾಣಬಹುದು. ಅದರ ನೀರು ಮುಟ್ಟುವುದು ಮಹದಾಯಿಗೆ. ಯಾವ ನದಿಯ ನೀರಿಗಾಗಿ ನವಲಗುಂದ, ನರಗುಂದಗಳ ರೈತರು 2015ರಿಂದ ಬೀದಿಗಿಳಿದರೋ ಆ ನದಿಯ ನೀರನ್ನು ಕೂಸಿಗೆ ತೋರಿಸಬೇಕೆಂಬ ಆಸೆ ನನಗೆ ಇಲ್ಲದಿರಲಿಲ್ಲ. ಐದು ವರ್ಷದೊಳಗಿನ ಮಗು ಬೇರೆ ಆಸನ ಕೇಳದಿದ್ದರೆ ರೈಲಿನಲ್ಲಿ ಟಿಕೀಟಿಲ್ಲ. ಬೋಗಿಯಲ್ಲಿ ಓಡಾಡಲು ಎಡೆಯೂ ಉಂಟು. ಆದರೆ ರೈಲಿಗೆ ಒಂದು ದೋಷವಿದೆ: ಅದು ಕೂಸಿನ ಮಾತು ಕೇಳಿ ನಿಲ್ಲುವುದಿಲ್ಲ. ಈ ಒಂದು ಕಾರಣಕ್ಕಾಗಿ ಮಗನ ಕಾರಿನಲ್ಲಿ ಹೋಗುವುದೆಂದು ತೀರ್ಮಾನವಾಯಿತು. ಹುಬ್ಬಳ್ಳಿ–ಅಂಕೋಲೆ ರೈಲನ್ನು ಹತ್ತುವ ಮಾತಂತೂ ಬೇಡ. ಅದರ ಸುದ್ದಿಯನ್ನು ಕೇಳುತ್ತ ನನ್ನ ಕೂದಲು ನೆರೆತವು, ಮೊಮ್ಮಗನ ಕಾಲಕ್ಕಾದರೂ ಅದು ಘಟ್ಟ ಇಳಿದೀತೆಂದು ಆಶಿಸೋಣ.

ಕಾಲವನ್ನು ಆರಿಸುವುದು ದಾರಿಯನ್ನು ಆರಿಸುವುದಕ್ಕಿಂತ ಕಠಿಣವಾದ ಕೆಲಸ. ಮಳೆಗಾಲದಲ್ಲಿ ಜಲಪಾತಗಳು ತುಂಬಿರುತ್ತವೆಂಬುದು ನಿಜ. ಆದರೆ ನಮ್ಮ ಎರೆಸೀಮೆಯಲ್ಲಿ ವರ್ಷವಿಡೀ ಬೀಳುವ 600 ಮಿಲಿಮೀಟರ್ ಆಸುಪಾಸಿನ ಮಳೆ ಘಟ್ಟದಲ್ಲಿ ಕೆಲವೇ ದಿನಗಳಲ್ಲಿ ಸುರಿದುಬಿಡುವುದುಂಟು. 2021ರ ಜುಲೈಯಲ್ಲಿ ಅರಬೈಲು ಘಟ್ಟದಲ್ಲಿಯೂ ಯಲ್ಲಾಪುರ ತಾಲೂಕಿನ ಕಳಚೆಯಲ್ಲಿಯೂ ಗುಡ್ಡ ಕುಸಿಯಿತು. 2024ರ ಜುಲೈ 16ರಂದು ಅಂಕೋಲೆಯ ಬಳಿಯ ಶಿರೂರಿನಲ್ಲಿ ಹೆದ್ದಾರಿಯ ಮೇಲೆಯೇ ಗುಡ್ಡ ಬಿದ್ದು ಜನರನ್ನೂ ವಾಹನಗಳನ್ನೂ ಗಂಗಾವಳಿಗೆ ತಳ್ಳಿತು. ಆದುದರಿಂದ ಆಷಾಢ ಶ್ರಾವಣಗಳು ವರ್ಜ್ಯ. ಬೇಸಿಗೆಯ ಮಾತೆಂದರೆ, ಅಲ್ಲಿ ಬೇರೊಂದು ಭಯವಿದೆ. 1957ರಲ್ಲಿ ಸೊರಬ ತಾಲೂಕಿನ ಕ್ಯಾಸನೂರು ಕಾಡಿನಲ್ಲಿ ಮೊದಲು ಗುರುತಿಸಲ್ಪಟ್ಟ ಮಂಗನ ಕಾಯಿಲೆ ಉಣ್ಣಿಗಳ ಕಡಿತದಿಂದ ಹರಡುವಂಥದು. ಕಾಡಿನ ತರಗೆಲೆಗಳಲ್ಲಿ ಎಳೆಯ ಉಣ್ಣಿಗಳು ಹೆಚ್ಚುವ ಚಳಿಗಾಲದ ನಡುವಿನಿಂದ ಬೇಸಿಗೆಯವರೆಗೆ ಅದರ ಹಾವಳಿ ಅಧಿಕ. ನೆಲದ ಮೇಲೆ ಕುಳಿತು ಎಲೆಯನ್ನು ಕೆದಕುವುದೇ ಉದ್ಯೋಗವಾಗಿರುವ ಎರಡು ವರ್ಷದವನಿಗೆ ಆ ದಿನಗಳಲ್ಲಿ ಕಾಡು ಸಲ್ಲದು. ಹೀಗೆ ಎರಡೂ ಕಡೆಯಿಂದ ಕಳೆದುಬಂದಾಗ ಉಳಿದದ್ದು ಕಾರ್ತಿಕ. ನಮ್ಮ ಒಕ್ಕಲುತನದ ಪಂಚಾಂಗಕ್ಕೂ ಅದೇ ಹೊಂದುತ್ತದೆ. ಹಿಂಗಾರಿ ಜೋಳ, ಕಡಲೆ, ಕುಸುಬೆಗಳ ಬಿತ್ತನೆ ಮುಗಿದು, ಎಳ್ಳಮಾಸಿಗೆ ಚರಗ ಚೆಲ್ಲುವವರೆಗೆ ಹೊಲ ಒಕ್ಕಲಿಗನನ್ನು ಒಂದೆರಡು ದಿನ ಬಿಟ್ಟುಕೊಡುತ್ತದೆ.

ಅನಂತರ ಹೊತ್ತಿನ ಲೆಕ್ಕ. ಅಣ್ಣಿಗೇರಿಯಿಂದ ಅಂಕೋಲೆಗೆ ಸುಮಾರು 175 ಕಿಲೋಮೀಟರ್. ಮಗನ ಮೊಬೈಲು ನಾಲ್ಕು ತಾಸಿನ ಹಾದಿಯೆಂದು ಹೇಳಿತು. ಆ ಯಂತ್ರಕ್ಕೆ ಮಕ್ಕಳಿರಲಿಕ್ಕಿಲ್ಲ. ಎರಡು ವರ್ಷದ ಆಸುಪಾಸಿನ ಮಗುವಿಗೆ ಹಗಲಿನ ನಿದ್ದೆಯೂ ಸೇರಿ ದಿನಕ್ಕೆ 11ರಿಂದ 14 ತಾಸು ನಿದ್ರೆ ಬೇಕು. ಎಚ್ಚರವಿರುವ ಹೊತ್ತಿನಲ್ಲಿ ಒಂದೂವರೆ ತಾಸಿಗಿಂತ ಹೆಚ್ಚು ಅದನ್ನು ಕಟ್ಟಿ ಕೂಡಿಸಿದರೆ, ಆಮೇಲೆ ಅದು ಸೇಡು ತೀರಿಸಿಕೊಳ್ಳುತ್ತದೆ. ಆದುದರಿಂದ ನಾಲ್ಕು ತಾಸಿನ ಹಾದಿಯನ್ನು ಎರಡು ದಿನಗಳಿಗೆ ಹಂಚಿ, ನಡುವೆ ಯಲ್ಲಾಪುರದಲ್ಲಿ ವಸತಿಯನ್ನಿಟ್ಟು, ಘಟ್ಟವಿಳಿಯುವುದನ್ನು ಎರಡನೆಯ ದಿನದ ಬೆಳಗಿಗೆ ಇರಿಸಿದೆ. ಪ್ರತಿಯೊಂದು ಹಂತದ ತುದಿಯಲ್ಲಿಯೂ ಅರ್ಧ ತಾಸನ್ನು ಯಾವ ಹೆಸರನ್ನೂ ಬರೆಯದೆ ಖಾಲಿ ಬಿಟ್ಟೆ. ಆ ಖಾಲಿ ಅರ್ಧ ತಾಸುಗಳೇ ಮುಂದೆ ಇಡೀ ಪ್ರವಾಸವನ್ನು ಕಾಪಾಡಿದವು.

ಹೊರಡುವ ಹಿಂದಿನ ದಿನ ಮನೆಯಲ್ಲಿ ವಾಗ್ವಾದವೊಂದು ನಡೆಯಿತು. ಮಗ ಹುಬ್ಬಳ್ಳಿಯಿಂದ ಕೂಸು ಕೂಡುವ ಕುರ್ಚಿಯೊಂದನ್ನು ತಂದು ಕಾರಿನ ಹಿಂದಿನ ಆಸನಕ್ಕೆ ಬಿಗಿದಿದ್ದನು. ನನ್ನ ಹೆಂಡತಿಗೆ ಇದು ತನ್ನ ತೊಡೆಗೆ ಮಾಡಿದ ಅವಮಾನವೆಂದು ತೋರಿತು. ‘ನಮ್ಮ ಅತ್ತಿ ಕೈಗೂಸು ತೊಡಿಮ್ಯಾಲ ಇಟಗೊಂಡು ಚಕ್ಕಡ್ಯಾಗ ಎಲ್ಲವ್ವನ ಗುಡ್ಡಕ್ಕ ಹೋಗಿ ಬಂದಾರ. ಅವರಿಗೆ ಯಾವ ಕುರ್ಚಿ ಇತ್ತರಿ?’ ಎಂದಳು. ಚಕ್ಕಡಿ ತಾಸಿಗೊಂದು ಹರದಾರಿ ಹೋಗುವಂಥದು, ಎತ್ತು ಗಕ್ಕನೆ ನಿಂತರೆ ಕೂಸು ತೊಡೆಯಿಂದ ಸೆರಗಿಗೆ ಜಾರಬಹುದು, ಅಷ್ಟೆ. ಕಾರು ತಾಸಿಗೆ ಐವತ್ತು ಕಿಲೋಮೀಟರ್ ವೇಗದಲ್ಲಿದ್ದಾಗ ಎದುರಿಗೆ ಏನಾದರೂ ಅಡ್ಡಬಂದು ಅಪ್ಪಳಿಸಿ ನಿಂತಿತೆಂದರೆ, ಹನ್ನೆರಡು ಕಿಲೋದ ಈ ಕೂಸು ಆ ಒಂದು ಕ್ಷಣ ಎರಡು ಮೂರು ಚೀಲ ಜೋಳದಷ್ಟು ಭಾರವಾಗಿ ಮುಂದಕ್ಕೆ ಚಿಮ್ಮುವುದು, ಮೂರು ಚೀಲ ಜೋಳವನ್ನು ಯಾರ ತೋಳೂ ಹಿಡಿದು ನಿಲ್ಲಿಸಲಾರದು ಎಂದು ವಿವರಿಸಿದೆ. ಹದಿನಾಲ್ಕು ವರ್ಷದೊಳಗಿನ ಮಕ್ಕಳನ್ನು ಪಟ್ಟಿಯಿಂದಲೋ ಅಂತಹ ಆಸನದಿಂದಲೋ ಭದ್ರಪಡಿಸದಿದ್ದರೆ ಸಾವಿರ ರೂಪಾಯಿ ದಂಡವೆಂದು ಮೋಟಾರು ವಾಹನ ಕಾಯ್ದೆಯ 2019ರ ತಿದ್ದುಪಡಿಯೂ ಹೇಳುತ್ತದೆ. ಕಾಯ್ದೆಗೆ ಅವಳು ಬಗ್ಗಲಿಲ್ಲ. ಜೋಳದ ಚೀಲಕ್ಕೆ ಬಗ್ಗಿದಳು.

ಸಾಮಾನಿನ ವಿಷಯದಲ್ಲಿ ಹೆಚ್ಚು ಹೇಳುವ ಅಗತ್ಯವಿಲ್ಲ. ದಾರಿಯಲ್ಲಿ ಹಾಸಲು ನವಲಗುಂದದ ಹಳೆಯ ಜಮಖಾನವೊಂದು, ನೆಲದ ಮೇಲಿನ ಉಣ್ಣಿ, ಇರುವೆಗಳಿಗೂ ಕೂಸಿಗೂ ನಡುವಿನ ಗಡಿಯಾಗಿ, ಬಂದಿತು. ಆ ಊರಿನ ಹೆಣ್ಣುಮಕ್ಕಳು ನೇಯುವ ಈ ಜಮಖಾನ ಎಷ್ಟು ಗಟ್ಟಿಯೆಂದರೆ, ನಮ್ಮ ಮನೆಯಲ್ಲಿರುವುದು ಮೂರನೆಯ ತಲೆಮಾರಿನ ಉಚ್ಚೆಯನ್ನು ಸಹಿಸುತ್ತಿದೆ. ಬುತ್ತಿಯಲ್ಲಿ ದೊಡ್ಡವರಿಗೆ ಕಟಿರೊಟ್ಟಿ, ಅಗಸೆಯ ಚಟ್ನಿ. ಕೂಸಿಗೆ ಮಿದ್ದ ಅನ್ನ, ಮಜ್ಜಿಗೆ, ಬಾಳೆಹಣ್ಣು. ನಮ್ಮ ಸೀಮೆಯಲ್ಲಿ ಕೈಗೆ ಬಂದಂತೆ ಕೊಡುವ ಶೇಂಗಾ, ಪುಟಾಣಿಗಳನ್ನು ಮಾತ್ರ ಕಟ್ಟುನಿಟ್ಟಾಗಿ ಹೊರಗಿಟ್ಟೆವು. ಚಲಿಸುವ ವಾಹನದಲ್ಲಿ ಅಂತಹ ಕಾಳು ಚಿಕ್ಕ ಮಕ್ಕಳ ಶ್ವಾಸನಾಳಕ್ಕೆ ಹೊಕ್ಕರೆ ಆಸ್ಪತ್ರೆ ತಲುಪುವಷ್ಟು ಹೊತ್ತು ಉಳಿಯದೆ ಹೋಗಬಹುದು. ಭೇದಿಯಾದೀತೆಂಬ ಮುಂದಾಲೋಚನೆಯಿಂದ ಒಂದು ಲೀಟರು ಕುದಿಸಿ ಆರಿಸಿದ ನೀರಿಗೆ ಆರು ಸಣ್ಣ ಚಮಚ ಸಕ್ಕರೆ, ಅರ್ಧ ಚಮಚ ಉಪ್ಪು ಎಂಬ ಲೆಕ್ಕವನ್ನು ಸೊಸೆ ಒಂದು ಚೀಟಿಯಲ್ಲಿ ಬರೆದು ಡಬ್ಬಿಗೆ ಅಂಟಿಸಿದಳು.

ಯೋಜನೆಯ ಮೊದಲ ಭಂಗ ಹುಬ್ಬಳ್ಳಿಯಲ್ಲಿಯೇ ಆಯಿತು. ಕಲಘಟಗಿಯನ್ನು ದಾಟಿದ ಮೇಲೆ ಮಲಗಬೇಕೆಂದು ನಾನು ಬರೆದಿಟ್ಟಿದ್ದ ಕೂಸು, ಹುಬ್ಬಳ್ಳಿಯ ವಾಹನಸಂದಣಿಯ ಕರ್ಕಶಧ್ವನಿಗಳ ನಡುವೆ ಹಾಲುಗೆನ್ನೆಯನ್ನು ಭುಜಕ್ಕೊರಗಿಸಿ ಮಲಗಿ, ಕಲಘಟಗಿಯ ಹೊತ್ತಿಗೆ ಎದ್ದು ಕುಳಿತಿತು. ಹೆಸರಿಲ್ಲದ ಅರ್ಧ ತಾಸು ಅಲ್ಲಿ ಮೊದಲು ಖರ್ಚಾಯಿತು. ಅದೂ ಒಳ್ಳೆಯದೇ ಆಯಿತು. ಏಕೆಂದರೆ ಈ ಕೂಸು ತೂಗಿಸಿಕೊಂಡ ತೊಟ್ಟಿಲು ಕಲಘಟಗಿಯದು. ಸಾಗವಾನಿಯ ಕಟ್ಟಿಗೆಯಲ್ಲಿ ಮಾಡಿ, ಅರಗಿನ ಬಣ್ಣ ಕೊಟ್ಟು, ರಾಮಾಯಣದ ಮತ್ತು ಕೃಷ್ಣಲೀಲೆಯ ಚಿತ್ರಗಳನ್ನು ಬರೆದು ತವರಿನವರು ಕಳಿಸುವ ಆ ತೊಟ್ಟಿಲುಗಳಲ್ಲಿ ನಮ್ಮ ಭಾಗದ ಎಷ್ಟೋ ತಲೆಮಾರುಗಳು ಕಣ್ಣುಬಿಟ್ಟಿವೆ. ಸೊಸೆಯ ತವರಿನ ಪರಿಚಯದ ಕುಶಲಕರ್ಮಿಯೊಬ್ಬರ ಅಂಗಳದಲ್ಲಿ ಅರ್ಧ ಬಣ್ಣ ಹಚ್ಚಿದ ತೊಟ್ಟಿಲೊಂದು ಬಿಸಿಲಿಗೆ ನಿಂತಿತ್ತು. ಮೊಮ್ಮಗ ಅದರ ಕೆಳಗೆ ನುಸುಳಿ, ಇನ್ನೂ ಮುಖ ಬರೆಯದ ಹನುಮಂತನನ್ನು ಬಹಳ ಹೊತ್ತು ನೋಡಿ, ತನ್ನ ಕೈಯಲ್ಲಿದ್ದ ಬಾಳೆಹಣ್ಣನ್ನು ಆ ಮುಖವಿರಬೇಕಾದ ಸ್ಥಳಕ್ಕೆ ಒತ್ತಿದನು. ಆ ಹಿರಿಯರು ಕೋಪಿಸಿಕೊಳ್ಳದೆ, ‘ಇರಲಿ ಬಿಡ್ರಿ, ನೈವೇದ್ಯ ಆತು’ ಎಂದು ಒರೆಸಿದರು.

ಕಿರವತ್ತಿಯ ಬಳಿ ನೆಲದ ಬಣ್ಣ ಕೆಂಪಾಗಿ, ದಾರಿಯ ಎರಡೂ ಬದಿಗೆ ಸಾಗವಾನಿಯ ಕಾಡು ಕೂಡಿಕೊಂಡಿತು. ಸಂಜೆಗೆ ಯಲ್ಲಾಪುರದಿಂದ ಮಾಗೋಡಿಗೆ ಹೋದೆವು. ನಮ್ಮ ಜಿಲ್ಲೆಯಲ್ಲಿ ಮೊಳಕಾಲು ಮುಳುಗಿಸಲೂ ಹಿಂಜರಿಯುವ ಬೇಡ್ತಿ ಅಲ್ಲಿ ಸುಮಾರು 200 ಮೀಟರ್ ಆಳಕ್ಕೆ ಎರಡು ನೆಗೆತಗಳಲ್ಲಿ ಧುಮುಕುವುದನ್ನು ಕಟಾಂಜನದ ಈಚೆ ನಿಂತು ಕಂಡ ನನಗೆ, ಪರಿಚಿತ ಹುಡುಗನೊಬ್ಬನು ದೂರದ ಊರಿನಲ್ಲಿ ಮಹಾಪುರುಷನಾಗಿರುವುದನ್ನು ಕಂಡಂತಾಗಿ ಕಣ್ಣು ತೇವವಾಯಿತು. ಅದನ್ನು ಮೊಮ್ಮಗನಿಗೆ ತೋರಿಸಲೆಂದು ತಿರುಗಿದರೆ, ಅವನು ಜಲಪಾತಕ್ಕೆ ಬೆನ್ನುಮಾಡಿ, ಗಿಡದ ಎಲೆಗಳನ್ನು ಹೊಲಿದು ಮಾಡಿದ ಚಗಳಿ ಇರುವೆಯ ಗೂಡೊಂದನ್ನು ನೋಡುತ್ತಿದ್ದನು. ಕೆಂಪು ಇರುವೆಗಳು ಸಾಲಾಗಿ ನಿಂತು ಎರಡು ಎಲೆಗಳ ಅಂಚನ್ನು ಹಲ್ಲಿನಿಂದ ಕಚ್ಚಿ ಎಳೆದು ಹಿಡಿದಿದ್ದವು; ಬೇರೆ ಇರುವೆಗಳು ತಮ್ಮ ಮರಿಹುಳುಗಳನ್ನು ಬಾಯಲ್ಲಿ ಹಿಡಿದು, ಅವು ಉಗುಳುವ ಎಳೆಯಿಂದ ಆ ಅಂಚುಗಳನ್ನು ನೇಯುತ್ತಿದ್ದವು. ಮಲೆನಾಡಿನವರು ಚಟ್ನಿ ಅರೆಯುವ ಇರುವೆ ಇದೇ, ಕಚ್ಚಿದರೆ ಉರಿ. ಆದುದರಿಂದ ಕೈಯನ್ನು ಹಿಡಿದುಕೊಂಡು ನಾನೂ ನೋಡುತ್ತ ನಿಂತೆ. ಬೇಡ್ತಿ ಬೆನ್ನ ಹಿಂದೆ ಗರ್ಜಿಸುತ್ತಿತ್ತು.

ಮರುದಿನ ಬೆಳಿಗ್ಗೆ ಘಟ್ಟ. ಇಲ್ಲಿ ವೈದ್ಯಶಾಸ್ತ್ರದ ಎರಡು ಮಾತುಗಳನ್ನು ಹೇಳಬೇಕು. ಯಲ್ಲಾಪುರದಿಂದ ಸಮುದ್ರಮಟ್ಟಕ್ಕೆ ಇಳಿಯುವಷ್ಟರಲ್ಲಿ ವಾಯುವಿನ ಒತ್ತಡ ನೂರಕ್ಕೆ ಆರರಷ್ಟು ಹೆಚ್ಚುತ್ತದೆ. ಕಿವಿಯ ಒಳಗನ್ನು ಗಂಟಲಿಗೆ ಜೋಡಿಸುವ ಸಣ್ಣ ನಾಳ ತೆರೆದುಕೊಂಡಾಗಲೆಲ್ಲ ಈ ಒತ್ತಡ ಸಮವಾಗುತ್ತದೆ. ನುಂಗಿದಾಗ, ಆಕಳಿಸಿದಾಗ ಅದು ತೆರೆಯುತ್ತದೆ. ಮಕ್ಕಳಲ್ಲಿ ಆ ನಾಳ ಕಿರಿದು; ನೆಗಡಿಯಿದ್ದರೆ ಇನ್ನೂ ಕಿರಿದು. ಆದುದರಿಂದ ಇಳಿಯುವಾಗ ಗುಟುಕುಗುಟುಕಾಗಿ ನೀರು ಕುಡಿಸುತ್ತಿರಬೇಕು, ಮಲಗಿದ್ದರೆ ಸಾಧ್ಯವಾದಷ್ಟು ಎಚ್ಚರಿಸಿರಬೇಕು. ಎರಡನೆಯದು ವಾಕರಿಕೆ. ಕಿವಿಯ ಒಳಗಿರುವ ಮೂರು ಅರ್ಧವರ್ತುಲ ನಾಳಗಳ ದ್ರವವು ತಿರುವುಗಳಲ್ಲಿ ತುಳುಕಿ, ‘ನಾವು ಹೊರಳುತ್ತಿದ್ದೇವೆ’ ಎಂದು ಮೆದುಳಿಗೆ ತಿಳಿಸುತ್ತದೆ. ಎದುರಿನ ಆಸನದ ಬೆನ್ನನ್ನೋ ಮೊಬೈಲಿನ ಚಿತ್ರವನ್ನೋ ನೋಡುತ್ತಿರುವ ಕಣ್ಣು, ‘ಎಲ್ಲವೂ ಸ್ಥಿರವಾಗಿದೆ’ ಎನ್ನುತ್ತದೆ. ಈ ಇಬ್ಬರು ಸಾಕ್ಷಿಗಳ ಪರಸ್ಪರವಿರುದ್ಧ ಹೇಳಿಕೆಗಳನ್ನು ಕೇಳಿ ಕಂಗೆಟ್ಟ ಮೆದುಳು ಹೊಟ್ಟೆಯ ಮೇಲೆ ತೀರ್ಪು ಬರೆಯುತ್ತದೆ. ಎರಡು ವರ್ಷದೊಳಗಿನ ಮಕ್ಕಳಲ್ಲಿ ಇದು ವಿರಳ, ಆಮೇಲೆ ಹನ್ನೆರಡರವರೆಗೆ ಹೆಚ್ಚು. ಹೊಟ್ಟೆ ತುಂಬಿಸದೆ, ಖಾಲಿಯೂ ಇಡದೆ, ಕುರ್ಚಿಯನ್ನು ಮುಂದಿನ ದಾರಿ ಕಾಣುವಂತೆ ಎತ್ತರಿಸಿ, ಮೊಬೈಲನ್ನು ಚೀಲಕ್ಕೆ ಹಾಕಿ, ಕಿಟಕಿಯನ್ನು ಬೆರಳಗಲ ಇಳಿಸಿದರೆ ಅರ್ಧ ಯುದ್ಧ ಗೆದ್ದಂತೆ. ಔಷಧಿಯನ್ನು ವೈದ್ಯರನ್ನು ಕೇಳದೆ ಕೊಡಬಾರದು.

ಇಷ್ಟನ್ನೂ ಮಾಡಿದೆವು. ಆದರೂ ಅರಬೈಲಿನ ನಾಲ್ಕನೆಯ ತಿರುವಿನಲ್ಲಿ, ಅಲ್ಲಿಯವರೆಗೆ ಲಾರಿಗಳನ್ನು ಎಣಿಸುತ್ತಿದ್ದವನು ಮಾತು ನಿಲ್ಲಿಸಿದನು. ಎರಡು ಸಲ ಆಕಳಿಸಿದನು. ತುಟಿಯ ಸುತ್ತ ಬಿಳುಪೇರಿ ಜೊಲ್ಲು ಇಳಿಯತೊಡಗಿತು. ಸೊಸೆ, ‘ನಿಂದರಸ್ರೀ, ನಿಂದರಸ್ರೀ!’ ಎಂದು ಕೂಗಿದಳು. ಘಟ್ಟದಲ್ಲಿ ಕೂಗಿದಲ್ಲಿ ನಿಲ್ಲಿಸಲು ಬಾರದು. ಅಗಲವಾದ ಅಂಚು ಸಿಗುವಷ್ಟರಲ್ಲಿ ಅರ್ಧ ನಿಮಿಷ ಕಳೆಯಿತು, ಅಷ್ಟರಲ್ಲಿ ಬಾಳೆಹಣ್ಣು ಹೊರಗೆ ಬಂದಿತ್ತು. ಮಾತು ನಿಲ್ಲಿಸಿದ್ದೇ ಮೊದಲ ಸೂಚನೆಯೆಂಬುದನ್ನು ನಾವು ತಿಳಿಯಬೇಕಾಗಿತ್ತು. ಮುಂದೆ ಘಟ್ಟವಿಳಿಯುವವರು ಇದೊಂದನ್ನು ನೆನಪಿಡಲಿ: ಅಳುವ ಕೂಸಿಗೆ ಇನ್ನೂ ಹೊತ್ತಿದೆ, ಸುಮ್ಮನಾದ ಕೂಸಿಗೆ ಹೊತ್ತಿಲ್ಲ.

ಘಟ್ಟದ ಬುಡ ಮುಗಿದು ರಾಮನಗುಳಿಯ ಆಸುಪಾಸಿನಲ್ಲಿ ಗಂಗಾವಳಿಯ ದಂಡೆಗೆ ಜಮಖಾನ ಹಾಸಿದೆವು. ಹೊಳೆಯ ದಡದಲ್ಲಿ ನೀರಿನ ವೇಗ, ಸುಳಿ ತಿಳಿಯದ ಸ್ಥಳದಲ್ಲಿ ಕೂಸಿನ ಕೈ ಬಿಡಲಾಗದೆಂದು ಮಗ ಅವನ ಜೊತೆಗೇ ಕುಳಿತನು. ಅಲ್ಲಿ ಮೊಮ್ಮಗನಿಗೆ ಕಲ್ಲು ಸಿಕ್ಕಿತು. ಒಂದು ಕಲ್ಲಲ್ಲ, ಬೇಡ್ತಿಯು ಎಷ್ಟೋ ಸಾವಿರ ವರ್ಷ ಉರುಳಿಸಿ ನುಣ್ಣಗೆ ಮಾಡಿದ ಬೂದಿ, ಬಿಳಿ, ಕೆಂಗಪ್ಪು ಕಲ್ಲುಗಳ ಹಾಸಿಗೆಯೇ ಸಿಕ್ಕಿತು. ಒಂದನ್ನು ಎತ್ತಿ ಹಿಚುಕಿದನು. ಹೆಂಟೆಯಂತೆ ಅದು ಪುಡಿಯಾಗಲಿಲ್ಲ. ಇನ್ನೊಂದನ್ನು ಎರಡೂ ಕೈಯಿಂದ ಹಿಚುಕಿದನು. ಅದೂ ಆಗಲಿಲ್ಲ. ಆಗ ನನ್ನತ್ತ ತಿರುಗಿ, ಜಗತ್ತಿನಲ್ಲಿ ಯಾರೂ ಇದುವರೆಗೆ ಗಮನಿಸದ ಸಂಗತಿಯೊಂದನ್ನು ವರದಿ ಮಾಡುವ ಗಾಂಭೀರ್ಯದಿಂದ, ‘ಅಜ್ಜಾ, ಒಡಿವಲ್ದು’ ಎಂದನು. ಅಲ್ಲಿ ಹೆಸರಿಲ್ಲದ ಅರ್ಧ ತಾಸು ಒಂದೂವರೆ ತಾಸಾಯಿತು. ಅಂದು ನೋಡಬೇಕೆಂದಿದ್ದ ಎರಡು ಸ್ಥಳಗಳ ಮೇಲೆ ನಾನೇ ಅಡ್ಡಗೆರೆ ಎಳೆದೆ. ಸ್ನೇಹಿತನ ಮಗಳ ಪಟ್ಟಿಯ ಯುಂಗ್‌ಫ್ರೌಯೋಖ್ ನೆನಪಾಯಿತು.

ಸಮುದ್ರವನ್ನು ಸಂಜೆ ಕಂಡೆವು. ‘ಕೆರಿ!’ ಎಂದನು ಮೊಮ್ಮಗ. ನಮ್ಮ ಸೀಮೆಯಲ್ಲಿ ನೆಲದಡಿಯ ನೀರು ಸವಳು. ಕುಡಿಯುವುದಕ್ಕೆ ಕೆರೆಯೇ ಗತಿಯಾದುದರಿಂದ, ನೀರು ಎಷ್ಟೇ ಇರಲಿ ಅದು ಅವನಿಗೆ ಕೆರೆ. ತೆರೆಯೊಂದು ಬಂದು ಪಾದವನ್ನು ತೊಳೆದು ಹೋದಾಗ, ಒದ್ದೆಯಾದ ಬೆರಳನ್ನು ಬಾಯಿಗಿಟ್ಟು ಮುಖ ಸಿಂಡರಿಸಿ, ‘ಸವುಳ’ ಎಂದು ತಿದ್ದಿಕೊಂಡನು. ಸಮುದ್ರಕ್ಕೆ ಎರೆಸೀಮೆಯವರು ಕೊಡಬಹುದಾದ ವ್ಯಾಖ್ಯಾನ ಅದಕ್ಕಿಂತ ನಿಖರವಾಗಿರಲಾರದು.

ಲೆಕ್ಕ ನೋಡಿದರೆ, ನಾಲ್ಕು ದಿನಗಳಿಗೆ ಬರೆದಿದ್ದ ಹನ್ನೊಂದು ಸ್ಥಳಗಳಲ್ಲಿ ಐದನ್ನು ನೋಡಿದೆವು. ಬಿಟ್ಟ ಆರರ ಬಗ್ಗೆ ಯಾರಿಗೂ ವ್ಯಥೆಯಿಲ್ಲ. ನಾವು ದೊಡ್ಡವರು ಪ್ರಯಾಣವನ್ನು ಊರಿನಿಂದ ಊರಿಗೆ ಅಳೆಯುತ್ತೇವೆ; ಕೂಸು ಅದನ್ನು ನಿದ್ದೆಯಿಂದ ನಿದ್ದೆಗೆ, ಹಸಿವೆಯಿಂದ ಹಸಿವೆಗೆ, ಕಲ್ಲಿನಿಂದ ಕಲ್ಲಿಗೆ ಅಳೆಯುತ್ತದೆ. ಈ ಎರಡನೆಯ ಅಳತೆಗೋಲನ್ನು ಹಿಡಿದು ಯೋಜಿಸಿದರೆ ಆಲ್ಪ್ಸ್ ಆದರೂ ಸರಿ, ಅರಬೈಲು ಆದರೂ ಸರಿ, ದಾರಿ ಸಾಗುತ್ತದೆ. ಮೊದಲನೆಯದನ್ನು ಹಿಡಿದವರು ಎಲ್ಲವನ್ನೂ ನೋಡಿ, ಅಳುವ ಕೂಸನ್ನೂ ಮಾತು ಬಿಟ್ಟ ಸೊಸೆಯನ್ನೂ ಕರೆದುಕೊಂಡು ಮನೆಗೆ ಬರುತ್ತಾರೆ.

ಎಳ್ಳಮಾಸಿಯಂದು ವಾಡಿಕೆಯಂತೆ ಬುತ್ತಿ ಕಟ್ಟಿಕೊಂಡು ಹೊಲಕ್ಕೆ ಹೋದೆವು. ಚರಗ ಚೆಲ್ಲುವ ಮೊದಲು ಬನ್ನಿಗಿಡದ ಬುಡದಲ್ಲಿ ಐದು ಕಲ್ಲುಗಳನ್ನಿಟ್ಟು, ಸುಣ್ಣ ಕುಂಕುಮ ಹಚ್ಚಿ, ಪಾಂಡವರೆಂದು ಪೂಜಿಸುವುದು ನಮ್ಮಲ್ಲಿ ರೂಢಿ. ಪ್ರತಿ ವರ್ಷವೂ ಆ ಐದು ಕಲ್ಲುಗಳಿಗಾಗಿ ನಾನು ಒಡ್ಡಿನ ಗುಂಟ ಹುಡುಕುತ್ತ, ನಾಲ್ಕು ಸಿಕ್ಕು ಐದನೆಯದು ಸಿಗದೆ ಬೈಸಿಕೊಳ್ಳುವುದೂ ರೂಢಿ. ಈ ಸಲ ಹುಡುಕಲು ಹೊರಟವನನ್ನು ಹೆಂಡತಿ ಕರೆದಳು. ಮೊಮ್ಮಗ ತನ್ನ ಅಂಗಿಯ ಕಿಸೆಯನ್ನು ಜಮಖಾನದ ಮೇಲೆ ಬರಿದು ಮಾಡಿದ್ದನು. ಗಂಗಾವಳಿಯ ಏಳು ಕಲ್ಲುಗಳು. ಅವಳು ಐದನ್ನು ಆರಿಸಿ ಬನ್ನಿಯ ಬುಡಕ್ಕಿಟ್ಟಳು. ಉಳಿದ ಎರಡನ್ನು ಹುಡುಗ ಮುಷ್ಟಿಯಲ್ಲಿ ಹಿಡಿದುಕೊಂಡು, ಒಡೆಯುತ್ತವೆಯೋ ಎಂದು ಇನ್ನೂ ಹಿಚುಕಿ ನೋಡುತ್ತಿದ್ದನು.